ಜಾಲವೀಕ್ಷಕ ಕೈಕೊಟ್ಟಾಗ ಪ್ರೊಫೈಲ್ ಅಳಿಸದಿರಿ

ಬೆಂಗಳೂರು: ಬೆಸ್ಕಾಂ ಬಿಲ್ ಪಾವತಿ, ಸೇವಾ ಸಿಂಧು ಅರ್ಜಿ, ಬ್ಯಾಂಕ್ ವ್ಯವಹಾರ ಎಲ್ಲವೂ ಜಾಲವೀಕ್ಷಕದ ಮೂಲಕವೇ ನಡೆಯುತ್ತಿರುವಾಗ ಅದು ಹಠಾತ್ತನೆ ತೆರೆಯದೇ ಹೋದರೆ ಯಲಹಂಕದ ಮನೆಯಲ್ಲಾಗಲಿ, ಹೆಬ್ಬಾಳದ ಕಚೇರಿಯಲ್ಲಾಗಲಿ ಕೆಲಸ ನಿಂತಂತೆಯೇ. ಲಿನಕ್ಸ್ ಬಳಕೆದಾರರಿಗೆ ಆಗ ಸುಲಭವಾಗಿ ಸಿಗುವ ಸಲಹೆ 'ಮೊಜಿಲ್ಲಾ ಫೋಲ್ಡರ್ ಅಳಿಸಿಬಿಡಿ' ಎಂಬುದು. ವೀಕ್ಷಕವೇನೋ ತೆರೆದುಕೊಳ್ಳುತ್ತದೆ, ವರ್ಷಗಳಿಂದ ಉಳಿಸಿಟ್ಟ ಪಾಸ್‌ವರ್ಡ್‌ಗಳು, ಪುಟಗುರುತುಗಳು ಮಾತ್ರ ಮರಳುವುದಿಲ್ಲ.

ಫೈರ್‌ಫಾಕ್ಸ್ ತಂತ್ರಾಂಶವೇ ಬೇರೆ, ಬಳಕೆದಾರರ ಪ್ರೊಫೈಲ್ ಬೇರೆ. ಆದ್ದರಿಂದಲೇ ತಂತ್ರಾಂಶವನ್ನು ತೆಗೆದು ಮತ್ತೆ ಅಳವಡಿಸಿದರೂ ಹಲವು ದೋಷಗಳು ಹಾಗೆಯೇ ಉಳಿಯುತ್ತವೆ. ಪ್ರೊಫೈಲ್ ಸಾಮಾನ್ಯವಾಗಿ ಹೋಮ್ ಫೋಲ್ಡರಿನೊಳಗೆ, ಚುಕ್ಕಿಯಿಂದ ಆರಂಭವಾಗುವ ಮೊಜಿಲ್ಲಾ ಎಂಬ ಅಡಗಿದ ಫೋಲ್ಡರಿನಲ್ಲಿರುತ್ತದೆ. 2022ರ ಉಬುಂಟು 22.04 ಆವೃತ್ತಿಯಿಂದ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ ಬರುತ್ತಿದ್ದು, ಅಲ್ಲಿ ಪ್ರೊಫೈಲ್ ಇರುವುದು ಸ್ನ್ಯಾಪ್ ಫೋಲ್ಡರಿನೊಳಗೆ. ಎರಡೂ ಕಡೆ ಇದ್ದರೆ ಹಳೆಯದನ್ನೇ ಪ್ರತಿ ಮಾಡಿಕೊಂಡು ನಿಶ್ಚಿಂತರಾಗುವ ಅಪಾಯವಿದೆ. ವಿಳಾಸಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ 'ಅಬೌಟ್:ಪ್ರೊಫೈಲ್ಸ್' ಎಂದು ಟೈಪಿಸಿದರೆ ಬಳಕೆಯಲ್ಲಿರುವುದು ಯಾವುದೆಂದು ತಿಳಿಯುತ್ತದೆ.

ವೀಕ್ಷಕವನ್ನು ಪೂರ್ತಿ ಮುಚ್ಚಿದ ಬಳಿಕವೇ ಇಡೀ ಫೋಲ್ಡರನ್ನು ಪ್ರತಿ ಮಾಡಬೇಕು. ಪಾಸ್‌ವರ್ಡ್‌ಗಳಿರುವ ಕಡತ ಒಂದು, ಅದನ್ನು ಬಿಡಿಸುವ ಕೀಲಿಯ ಕಡತ ಇನ್ನೊಂದು. ಒಂದನ್ನಷ್ಟೇ ಉಳಿಸಿಕೊಂಡರೆ ಉಪಯೋಗವಿಲ್ಲ. ನಂತರ ಹೊಸ ಪ್ರೊಫೈಲ್ ಒಂದನ್ನು ತೆರೆದು ನೋಡುವುದು ಲೇಸು. ಅದರಲ್ಲಿ ತೊಂದರೆ ಕಾಣದಿದ್ದರೆ ದೋಷ ಹಳೆಯ ಪ್ರೊಫೈಲಿನದೇ. ಆಗಲೂ ಮೊದಲು ಟ್ರಬಲ್‌ಶೂಟ್ ಮೋಡ್‌ನಲ್ಲಿ ವಿಸ್ತರಣೆಗಳಿಲ್ಲದೆ ಹಳೆಯದನ್ನು ತೆರೆದು ಪರೀಕ್ಷಿಸಬಹುದು.

'ಫೈರ್‌ಫಾಕ್ಸ್ ಈಗಾಗಲೇ ಚಾಲನೆಯಲ್ಲಿದೆ' ಎಂಬ ಸಂದೇಶ ಬಂದರೆ ಬೀಗದ ಕಡತವನ್ನು ಅಳಿಸಲು ಧಾವಿಸಬೇಕಿಲ್ಲ. ಹಿನ್ನೆಲೆಯಲ್ಲಿ ಉಳಿದ ಪ್ರಕ್ರಿಯೆಯನ್ನು ಸಿಸ್ಟಂ ಮಾನಿಟರ್‌ನಲ್ಲಿ ನಿಲ್ಲಿಸಿದರೆ ಬಹುಪಾಲು ಸಾಕು. ಹಠ ಹಿಡಿದು ಸುಡೊ ಬಳಸಿ ವೀಕ್ಷಕವನ್ನು ತೆರೆಯುವುದಂತೂ ಬೇಡವೇ ಬೇಡ: ಕಡತಗಳ ಒಡೆತನ ರೂಟ್‌ಗೆ ಹೋಗಿ ಮರುದಿನ ಬಳಕೆದಾರರೇ ಹೊರಗುಳಿಯಬಹುದು. ಹಳೆಯ ಆವೃತ್ತಿಗೆ ಮರಳುವುದೂ ಸರಳವಲ್ಲ. 2019ರ 67ನೇ ಆವೃತ್ತಿಯಿಂದೀಚೆಗೆ, ಹೊಸತರಲ್ಲಿ ಬಳಸಿದ ಪ್ರೊಫೈಲನ್ನು ಹಳೆಯದರಲ್ಲಿ ತೆರೆಯದಂತೆ ತಡೆಯಿದೆ.

ಪೆನ್‌ಡ್ರೈವ್‌ನಲ್ಲಿರುವ ಆ ಪ್ರತಿಯ ಬಗ್ಗೆಯೂ ಎಚ್ಚರ ಅಗತ್ಯ. ಪ್ರೈಮರಿ ಪಾಸ್‌ವರ್ಡ್ ಇಟ್ಟಿರದಿದ್ದರೆ ಆ ಫೋಲ್ಡರ್ ಕೈಗೆ ಸಿಕ್ಕವರು ಎಲ್ಲ ಪಾಸ್‌ವರ್ಡ್‌ಗಳನ್ನೂ ಓದಬಲ್ಲರು. ಕುಕಿಗಳ ನೆರವಿನಿಂದ ಕೆಲವು ಖಾತೆಗಳಿಗೆ ಪಾಸ್‌ವರ್ಡ್ ಇಲ್ಲದೆಯೂ ಪ್ರವೇಶಿಸಬಲ್ಲರು. ಆರ್.ಟಿ. ನಗರವೋ ಯಶವಂತಪುರವೋ, ರಿಪೇರಿ ಅಂಗಡಿಗೆ ಯಂತ್ರ ಒಪ್ಪಿಸುವ ಮುನ್ನ ಪ್ರತಿಯನ್ನು ಮನೆಯಲ್ಲಿಟ್ಟು, ಯಂತ್ರದಲ್ಲಿರುವ ಪ್ರೊಫೈಲನ್ನು ತೆಗೆದೇ ಕೊಡುವುದು ಕ್ಷೇಮ.