ಹೊಗೆಸೊಪ್ಪಿಗೆ ಸಿಕ್ಕಿದ್ದು, ರಾಗಿಗೆ ಸಿಗದದ್ದು

ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಸುತ್ತಲಿನ ಕೆಂಪು ಮರಳುಮಣ್ಣಿನ ಹೊಲಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪು ಹೇಗೆ ಬೇರೂರಿತು ಎಂಬುದಕ್ಕೆ ಮಣ್ಣು, ಮಳೆಗಳ ಗುಣವನ್ನಷ್ಟೇ ಕಾರಣವಾಗಿ ಹೇಳಿದರೆ ಸಾಲದು. ನೀರು ನಿಲ್ಲದ ಹಗುರ ಮಣ್ಣು ಆ ಬೆಳೆಗೆ ಒಗ್ಗಿತೆಂಬುದು ನಿಜವಾದರೂ, ಅದೇ ಮಣ್ಣು ರಾಗಿ, ಹುರುಳಿ, ಅವರೆಗಳನ್ನು ತಲೆಮಾರುಗಳಿಂದ ಸಾಕಿತ್ತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಮಳೆಯಾಶ್ರಿತ ಬೆಳೆಗಳಲ್ಲಿ ಬೀಜದಿಂದ ಮಾರಾಟದವರೆಗೂ ಸರ್ಕಾರ ಬೆನ್ನಿಗೆ ನಿಂತದ್ದು ಹೊಗೆಸೊಪ್ಪೊಂದಕ್ಕೇ.

ಬೇಸಾಯಕ್ಕೆ ನೆರವಾಗುವ ಆಸೆ ಈ ಸೀಮೆಯಲ್ಲಿ ಹಳೆಯದೇ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ ಹೆಬ್ಬಾಳದಲ್ಲಿ ಕೃಷಿ ಶಾಲೆಯನ್ನು ಕಟ್ಟಿದರು. ಮುಂದೆ ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ’ ಲಕ್ಷ್ಮಣಯ್ಯನವರು, ಕೂಡಿಸುವುದಕ್ಕೆ ಅಸಾಧ್ಯವೆನ್ನುವಷ್ಟು ಸಣ್ಣದಾದ ರಾಗಿ ಹೂವಿನ ಮೇಲೆ ವರ್ಷಗಟ್ಟಲೆ ಕುಳಿತು, ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಆದರೆ ತಳಿ ಹೊಲಕ್ಕೆ ಬಂದಮೇಲೆ ಕಾಳು ಯಾರ ಕೈಗೆ, ಯಾವ ಬೆಲೆಗೆ ಹೋಗಬೇಕು ಎಂಬುದನ್ನು ಬಹುಕಾಲ ಸಂತೆಗೇ ಬಿಡಲಾಯಿತು.

ಹೊಗೆಸೊಪ್ಪಿನ ಕಥೆ ಬೇರೆ. ಒಂದು ಗ್ರಾಂಗೆ 10 ಸಾವಿರಕ್ಕೂ ಮಿಕ್ಕು ಬರುವ ಅದರ ಬೀಜವನ್ನು ಸಸಿಮಡಿಯಲ್ಲಿ ಎಬ್ಬಿಸುವುದು, ಮೇ ತಿಂಗಳಲ್ಲಿ ನಾಟಿ ಮಾಡುವುದು, ಸತ್ವ ಎಲೆಗೇ ಇಳಿಯಲೆಂದು ಹೂಗೊಂಚಲನ್ನು ಮುರಿಯುವುದು, ಬ್ಯಾರನ್ ಎಂಬ ಎತ್ತರದ ಗೂಡಿನೊಳಗೆ ಕಬ್ಬಿಣದ ಕೊಳವೆಗಳ ಕಾವಿನಲ್ಲಿ ಸೊಪ್ಪನ್ನು ಹದಗೊಳಿಸುವುದು, ಇವೆಲ್ಲವೂ ಹೇಳಿಕೊಟ್ಟು ಕಲಿಸಬೇಕಾದ ಕೆಲಸಗಳು. ಸೊಪ್ಪು ಹಳದಿಯಾಗುವವರೆಗೆ ಕಾವು 40 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಂಡು, ನಡುನರ ಒಣಗುವ ಹೊತ್ತಿಗೆ 70ರ ಆಸುಪಾಸಿಗೆ ಏರಿಸಬೇಕು. ಅವಸರಪಟ್ಟರೆ ಸೊಪ್ಪು ಹಸಿರಾಗಿಯೇ ಉಳಿಯುತ್ತದೆ, ಮೈಮರೆತರೆ ಕಂದುತ್ತದೆ. 1947ರಲ್ಲಿ ರಾಜಮಂಡ್ರಿಯಲ್ಲಿ ಆರಂಭವಾದ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆ ಹುಣಸೂರಿನಲ್ಲಿ ಕೇಂದ್ರ ತೆರೆದು ಈ ಪಾಠವನ್ನೂ, ಕಾಂಚನ್‌ನಂಥ ತಳಿಗಳನ್ನೂ ಊರೂರಿಗೆ ಮುಟ್ಟಿಸಿತು.

ಇಷ್ಟೇ ಆಗಿದ್ದರೆ ಹೊಗೆಸೊಪ್ಪಿನ ಗತಿಯೂ ರಾಗಿಯದೇ ಆಗುತ್ತಿತ್ತು. ತಿರುವು ಬಂದದ್ದು 1984ರಲ್ಲಿ. 1975ರ ಕಾಯ್ದೆಯಂತೆ 1976ರ ಜನವರಿ 1ರಂದು ಅಸ್ತಿತ್ವಕ್ಕೆ ಬಂದ ತಂಬಾಕು ಮಂಡಳಿಯ ಮುಖ್ಯ ಕಚೇರಿ ಗುಂಟೂರಿನಲ್ಲಿತ್ತು. ಸೊಪ್ಪಿನ ರಾಶಿಯೂ ವ್ಯಾಪಾರಿಗಳ ಬಲವೂ ಆಂಧ್ರದಲ್ಲೇ ಹೆಚ್ಚು. ಹಾಗಿದ್ದೂ ಮಂಡಳಿಯ ಹರಾಜು ಮೊದಲು ನಡೆದದ್ದು ಕರ್ನಾಟಕದಲ್ಲಿ, ಆಂಧ್ರಕ್ಕೆ ಅದು ಹೋದದ್ದು ಮರುವರ್ಷ. ಅಲ್ಲಿಯವರೆಗೆ ದರ್ಜೆಯನ್ನೂ ದರವನ್ನೂ ಕೊಳ್ಳುವವನೇ ಹೇಳುತ್ತಿದ್ದ. ಹರಾಜು ಕಟ್ಟೆಯಲ್ಲಾದರೋ ಬೇಲ್‌ಗಳನ್ನು, ಅಂದರೆ ಒಣಸೊಪ್ಪಿನ ಹೊರೆಗಳನ್ನು, ಸಾಲಾಗಿ ಇಟ್ಟು, ಮಂಡಳಿಯವರೇ ತೂಗಿ, ದರ್ಜೆ ಬರೆದು, ಎಲ್ಲರೆದುರು ಬೆಲೆ ಕೂಗಿಸುವ ಪದ್ಧತಿ ಬಂತು. ಕೂಗಿದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಲನ್ನು ಕೊಡೆನೆಂದು ಹಿಂದಕ್ಕೆ ಪಡೆಯುವ ಹಕ್ಕು ಬೆಳೆಗಾರನಿಗೆ ಸಿಕ್ಕಿತು. ಮಾರಿದ ಹಣ ಬ್ಯಾಂಕ್ ಖಾತೆಗೆ ಬರತೊಡಗಿತು. ಇಂಥದೊಂದು ಮಂಡಳಿಯ ಕಟ್ಟೆ ಹುರುಳಿಗೆ, ಅವರೆಗೆ ಇಂದಿಗೂ ಇಲ್ಲ. ಕಟ್ಟೆಮಳಲವಾಡಿ, ಚಿಲ್ಕುಂದ, ಕಗ್ಗುಂಡಿ, ಕಂಪಲಾಪುರಗಳ ಹೆಸರು ಹೊರಗಿನವರ ಕಿವಿಗೆ ಬಿದ್ದದ್ದೂ ಈ ಕಟ್ಟೆಗಳ ದೆಸೆಯಿಂದಲೇ.

ಮಂಡಳಿ ಕೃಷಿ ಸಚಿವಾಲಯದ್ದಲ್ಲ, ವಾಣಿಜ್ಯ ಸಚಿವಾಲಯದ್ದು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ವಿದೇಶಿ ವಿನಿಮಯ ತರುವ ಎಲೆಗೆ ದೊರೆತ ಆಸ್ಥೆ, ಊರಿನ ಹೊಟ್ಟೆ ತುಂಬಿಸುವ ಕಾಳಿಗೆ ದೊರೆಯಲಿಲ್ಲ. ಆ ನೆರವು ಬಿಟ್ಟಿಯಾಗಿಯೂ ಬರಲಿಲ್ಲ: ಬ್ಯಾರನ್‌ಗೆ ಲೈಸೆನ್ಸ್, ಬೆಳೆಗೆ ಮಿತಿ, ಮಿತಿ ಮೀರಿದ ಸೊಪ್ಪಿಗೆ ದಂಡ, ಆ ದಂಡ ಮನ್ನಾ ಮಾಡಿರೆಂದು ದೆಹಲಿಗೆ ಮತ್ತೆ ಮತ್ತೆ ಮನವಿ, ಹೀಗೆ ಲೈಸೆನ್ಸ್‌ದಾರರು, ಲೈಸೆನ್ಸ್ ಇಲ್ಲದೆ ಬೆಳೆದು ಕಾರ್ಡಿನ ಮೇಲೆ ಮಾರುವ ಕಾರ್ಡ್‌ದಾರರು ಎಂಬ ಎರಡು ಪಂಗಡಗಳೇ ಹುಟ್ಟಿಕೊಂಡವು. 1 ಕಿಲೋ ಒಣಸೊಪ್ಪಿಗೆ ಸುಮಾರು 5 ಕಿಲೋ ಸೌದೆ ಬೇಕಾಗುವಾಗ, ನಾಗರಹೊಳೆಯ ಅಂಚಿನ ಸೀಮೆಯಲ್ಲಿ ಅದರ ಭಾರ ಯಾವ ಮರಗಳ ಮೇಲೆ ಬಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

2004ರಲ್ಲಿ ಭಾರತ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿತು. ಬೆಳೆಗಾರರಿಗೆ ಬದಲಿ ದಾರಿ ತೋರಬೇಕೆಂಬ ಮಾತೂ ಆ ಒಪ್ಪಂದದಲ್ಲಿದೆ. ಅಂದಿನಿಂದ ಹುಣಸೂರು ಸೀಮೆಯ ರೈತರಿಗೆ ಮುಸುಕಿನ ಜೋಳ, ಶುಂಠಿ, ತರಕಾರಿಗಳ ಹೆಸರು ಹೇಳುವವರಿಗೆ ಕೊರತೆಯಿಲ್ಲ. ಹೇಳಿದ್ದೆಲ್ಲ ಬೆಳೆಯ ಪಟ್ಟಿಯೇ ಹೊರತು ಕಟ್ಟೆಯ ಮಾತಲ್ಲ. ಶುಂಠಿಯ ದರ ಒಂದು ವರ್ಷ ಮುಗಿಲಿಗೇರಿ ಮರುವರ್ಷ ನೆಲಕ್ಕೆ ಬೀಳುತ್ತದೆ, ಗೆಡ್ಡೆ ಕೊಳೆತರೆ ಹಾಕಿದ ದುಡ್ಡೂ ಕೊಳೆತಂತೆಯೇ. ರಾಗಿಗೆ ಬೆಂಬಲ ಬೆಲೆಯೇನೋ ಇದೆ, ಆದರೆ ಖರೀದಿ ಕೇಂದ್ರ ತೆರೆಯುವ ದಿನವನ್ನು ಕಾಯಲಾರದ ಬಡ ರೈತ ಅಷ್ಟರೊಳಗೆ ಕಾಳನ್ನು ಮಾರಿ ಮುಗಿಸಿರುತ್ತಾನೆ. ಈಚೆಗೆ ರಾಜಮಂಡ್ರಿಯ ಸಂಸ್ಥೆಯೇ ತನ್ನ ಹೆಸರಿನಿಂದ ತಂಬಾಕನ್ನು ತೆಗೆದು, ವಾಣಿಜ್ಯ ಕೃಷಿಯ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯೆಂದು ಕರೆದುಕೊಂಡಿದೆ. ಮಂಡಳಿಯ ಹರಾಜು ಮಾತ್ರ ಮೊದಲಿನಂತೆ ಒಂದೇ ಎಲೆಗೆ ನಡೆಯುತ್ತಿದೆ.