ಚೌರಪ್ಪ, ಶೌರಿ, ಝೇವಿಯರ್: ಎಲ್ಲರ ಮನೆ ಒಂದೇ!

ಮುಂಬಯಿಯಲ್ಲಿ ಝೇವಿಯರ್ ಎಂಬ ಹೆಸರು ಕೇಳದವರು ಯಾರಿದ್ದಾರೆ? ಧೋಬಿ ತಲಾವ್‌ನಲ್ಲಿ 1869ರಲ್ಲಿ ಶುರುವಾದ ಹೆಸರಾಂತ ಕಾಲೇಜು ಸೇಂಟ್ ಝೇವಿಯರ್ಸ್. ಥಾಣೆ ಖಾರಿ ದಾಟಿ ಐರೋಲಿಗೆ ಬಂದರೆ ಇಲ್ಲೂ ಒಂದು ಸೇಂಟ್ ಝೇವಿಯರ್ಸ್ ಶಾಲೆ. ಮಗುವಿಗೆ ಸೀಟು ಸಿಗುತ್ತದೋ ಇಲ್ಲವೋ, ಫೀಸು ಎಷ್ಟು, ಬಸ್ಸು ಯಾವ ಸೆಕ್ಟರಿಗೆ ಬರುತ್ತದೆ ಎಂದೆಲ್ಲ ಹತ್ತು ಜನರನ್ನು ವಿಚಾರಿಸುವ ನಾವು, ಹೆಸರಿನ ಅರ್ಥ ಮಾತ್ರ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಸಿಗುವ ಉತ್ತರ ಎಂಥದ್ದು ಗೊತ್ತೇ? ಹುಬ್ಬಳ್ಳಿ-ಧಾರವಾಡದವರು ಕುರ್ಚಿಯಿಂದ ಎದ್ದು ನಿಲ್ಲುವಂಥದ್ದು!

ಸಂತ ಫ್ರಾನ್ಸಿಸ್ ಝೇವಿಯರ್ ಸ್ಪೇನಿನವನು, ಹಾಗಾಗಿ ಅದು ಸ್ಪ್ಯಾನಿಷ್ ಹೆಸರು ಎಂದುಕೊಳ್ಳುತ್ತೇವೆ. ಅಲ್ಲವೇ ಅಲ್ಲ! ಅದು ಬಾಸ್ಕ್ ಭಾಷೆಯ ಮಾತು. ಸ್ಪೇನ್ ಮತ್ತು ಫ್ರಾನ್ಸಿನ ನಡುವೆ ಪಿರನೀಸ್ ಪರ್ವತಗಳ ಪಶ್ಚಿಮ ತುದಿಯಲ್ಲಿ ಬದುಕಿರುವ ಬಾಸ್ಕ್, ಯುರೋಪಿನ ಯಾವ ಭಾಷೆಗೂ ದಾಯಾದಿಯಲ್ಲ. ಸುತ್ತಲೂ ಲ್ಯಾಟಿನ್ ಸಂತತಿಯ ಭಾಷೆಗಳಿದ್ದರೂ ಇದರ ಕುಲವೇ ಬೇರೆ. ಇದರ ಒಡಹುಟ್ಟಿನ ಭಾಷೆ ಜೀವಂತವಾಗಿ ಜಗತ್ತಿನಲ್ಲೆಲ್ಲೂ ಸಿಕ್ಕಿಲ್ಲ. ಅದರಲ್ಲಿ 'ಎಚೆ' ಎಂದರೆ ಮನೆ, 'ಬೆರ್ರಿ' ಎಂದರೆ ಹೊಸದು. ಎಚೆಬೆರ್ರಿ ಎಂಬುದು ಜನರ ಬಾಯಲ್ಲಿ ಸವೆದು ಸವೆದು ಕೊನೆಗೆ ಝೇವಿಯರ್ ಆಯಿತು.

ಹೊಸ ಮನೆ! ಅಂದರೆ ಹೊಸಮನಿ!

ಹಾವೇರಿಯ ಸ್ವಾತಂತ್ರ್ಯ ಹೋರಾಟಗಾರ ಹೊಸಮನಿ ಸಿದ್ದಪ್ಪನವರ ಮನೆತನದ ಹೆಸರೂ, ಪಿರನೀಸಿನ ನವಾರ್ ಸೀಮೆಯ ಆ ಸಂತನ ಮನೆತನದ ಹೆಸರೂ ಅರ್ಥದಲ್ಲಿ ಕೂದಲೆಳೆಯಷ್ಟೂ ಬೇರೆಯಲ್ಲ. ಉತ್ತರ ಕರ್ನಾಟಕದ ಊರೂರಲ್ಲಿ ದೊಡ್ಡಮನಿ, ಹಳೇಮನಿ, ಮೇಲಿನಮನಿಗಳ ಸಾಲಿನಲ್ಲೇ ಹೊಸಮನಿಯೂ ಇರುತ್ತದೆ. ಒಂದು ಕುಟುಂಬ ಬೇರೆಯಾಗಿ ಇನ್ನೊಂದು ಮನೆ ಕಟ್ಟಿಕೊಂಡಾಗ ಊರಿನವರು ಗುರುತಿಗೆಂದು 'ಹೊಸಮನಿಯವರು' ಎನ್ನುತ್ತಾರೆ. ಗೋಡೆಗೆ ಮುನ್ನೂರು ವರ್ಷವಾಗಲಿ, ಮಾಳಿಗೆ ಸೋರಲಿ, ಹೆಸರು ಮಾತ್ರ ಹೊಸದಾಗಿಯೇ ಉಳಿಯುತ್ತದೆ. ಬಾಸ್ಕ್ ರೈತರೂ ಮನೆಯಿಂದಲೇ ಮನುಷ್ಯರನ್ನು ಗುರುತಿಸಿದರು. ಒಬ್ಬರಿಗೊಬ್ಬರು ಕಂಡಿಲ್ಲ, ಕೇಳಿಲ್ಲ. ಯೋಚನೆ ಮಾತ್ರ ಒಂದೇ!

ಇನ್ನು ಆ ಮನೆಯ ಕಥೆ. 1506ರ ಏಪ್ರಿಲ್ 7ರಂದು ನವಾರ್ ರಾಜ್ಯದ ಒಂದು ಕೋಟೆಮನೆಯಲ್ಲಿ ಫ್ರಾನ್ಸಿಸ್ ಹುಟ್ಟಿದ. ತಂದೆಯ ಹೆಸರು ಹುವಾನ್ ದೆ ಹಾಸ್ಸೊ. ಮಗನಿಗೆ ಅಂಟಿದ್ದು ತಾಯಿಯ ಕಡೆಯಿಂದ ಬಂದ ಕೋಟೆಯ ಹೆಸರು. 1512ರಲ್ಲಿ ಕ್ಯಾಸ್ಟೀಲಿನ ಸೇನೆ ನವಾರನ್ನು ಗೆದ್ದುಕೊಂಡಿತು. 1516ರಲ್ಲಿ ಕೋಟೆಯ ಬುರುಜು, ಪೌಳಿಗೋಡೆಗಳನ್ನು ಕೆಡವಲು ಆಜ್ಞೆಯಾಯಿತು. ಹುಡುಗನಿಗಿನ್ನೂ ಹತ್ತರ ಆಸುಪಾಸು. ಹೊಸಮನೆ ಎಂಬ ಹೆಸರು ಹೊತ್ತವನ ಮನೆಯ ಬುರುಜುಗಳೇ ನೆಲಕ್ಕುರುಳಿದವು! ಆಮೇಲೆ ಓದಲು ಪ್ಯಾರಿಸ್. ಅಲ್ಲಿ ಕೋಣೆ ಹಂಚಿಕೊಂಡ ಇಗ್ನೇಶಿಯಸ್ ಲೊಯೋಲಾ ಜೊತೆ ಸೇರಿ ಯೇಸುಸಭೆಗೆ ಬುನಾದಿ. ತನ್ನ ಮೂವತ್ತೈದನೇ ಹುಟ್ಟುಹಬ್ಬದ ದಿನವೇ ಲಿಸ್ಬನ್ನಿನಲ್ಲಿ ಹಡಗು ಹತ್ತಿ, ಹದಿಮೂರು ತಿಂಗಳ ಮೇಲೆ, 1542ರ ಮೇ 6ರಂದು ಗೋವೆಗೆ ಇಳಿದ. ನಮ್ಮ ಐರೋಲಿಯಿಂದ ಉತ್ತರಕ್ಕಿರುವ ವಸಯಿಗೂ ಬಂದು ಹೋದ. ಮಲಾಕ್ಕಾ, ಜಪಾನ್ ಸುತ್ತಿ 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಕೊಂಡ. ಹುಟ್ಟಿದ ಮನೆಗೆ ಮತ್ತೆಂದೂ ಮರಳಲಿಲ್ಲ. ಅವನ ದೇಹ ಇವತ್ತಿಗೂ ಗೋವೆಯ ಬೊಮ್ ಜೀಸಸ್ ಬೆಸಿಲಿಕಾದಲ್ಲಿದೆ. ಗೋವೆಯವರಿಗೆ ಅವನು 'ಗೊಂಯ್ಚೊ ಸಾಯ್ಬ್', ಗೋವೆಯ ಒಡೆಯ.

1622ರಲ್ಲಿ ರೋಮ್ ಅವನನ್ನು ಸಂತನೆಂದು ಸಾರಿತು. ಚೋದ್ಯ ನಡೆದದ್ದು ಆಮೇಲೆ. ಒಂದು ಕೋಟೆಯ ಹೆಸರು ತೊಟ್ಟಿಲಿಗೆ ಏರಿತು! ಕಥೊಲಿಕ ದೇಶಗಳ ತಂದೆ-ತಾಯಂದಿರು ಗಂಡುಮಕ್ಕಳಿಗೆ ಝೇವಿಯರ್ ಎಂದು ಹೆಸರಿಡತೊಡಗಿದರು. ದೇಶಕ್ಕೊಂದು ಉಚ್ಚಾರ: ಸ್ಪೇನಿನಲ್ಲಿ ಹವಿಯೇರ್, ಪೋರ್ಚುಗಲ್ಲಿನಲ್ಲಿ ಶವಿಯೇರ್, ಇಟಲಿಯಲ್ಲಿ ಸವೇರಿಯೊ, ಜಪಾನಿನಲ್ಲಿ ಝಬಿಯೆರು. ಇದಕ್ಕೆಲ್ಲ ಕಾರಣ ಮೊದಲಕ್ಷರ ಎಕ್ಸ್. ಹಳೆಯ ಸ್ಪ್ಯಾನಿಷ್‌ನಲ್ಲಿ ಅದಕ್ಕೆ 'ಶ' ದನಿಯಿತ್ತು, ಪೋರ್ಚುಗೀಸರು ಅದನ್ನೇ ಉಳಿಸಿಕೊಂಡರು. ಸ್ಪೇನಿನಲ್ಲಿ ಕಾಲಕ್ರಮೇಣ ಅದು ಗಂಟಲಿನ 'ಹ' ಆಯಿತು; 1815ರಲ್ಲಿ ಬರವಣಿಗೆಯಲ್ಲೂ ಎಕ್ಸ್ ಹೋಗಿ ಜೆ ಬಂತು. ಇಂಗ್ಲಿಷಿನವರು ಪದದ ಮೊದಲಿಗೆ ಬರುವ ಎಕ್ಸನ್ನು ಝೆರಾಕ್ಸಿನಲ್ಲಿ ಓದುವ ಹಾಗೆಯೇ ಓದಿದರು, ಝೇವಿಯರ್ ಹುಟ್ಟಿದ. ಎಷ್ಟೋ ಅಮೆರಿಕನ್ನರಿಗೆ ಅಷ್ಟೂ ತಾಳ್ಮೆಯಿಲ್ಲ, ಅಕ್ಷರವನ್ನೇ ಹೇಳಿ 'ಎಕ್ಸೇವಿಯರ್' ಎನ್ನುತ್ತಾರೆ. 1963ರಲ್ಲಿ ಶುರುವಾದ ಎಕ್ಸ್-ಮೆನ್ ಕಾಮಿಕ್ಸಿನ ಪ್ರೊಫೆಸರ್ ಎಕ್ಸ್‌ನ ಪೂರ್ತಿ ಹೆಸರೇನು? ಚಾರ್ಲ್ಸ್ ಝೇವಿಯರ್! ಹೆಸರಿನಲ್ಲಿ ಸಂತ, ಕೆಲಸದಲ್ಲಿ ಸೂಪರ್‌ಹೀರೋಗಳ ಮೇಷ್ಟ್ರು.

ನಮ್ಮ ದಕ್ಷಿಣಕ್ಕೆ ಬಂದ ಹೆಸರು ಇನ್ನೂ ದೊಡ್ಡ ಆಟ ಆಡಿತು. ತಮಿಳರು ಸವೇರಿಯಾರ್ ಎಂದರು, ಸವರಿಮುತ್ತು ಎಂದು ಮಕ್ಕಳನ್ನು ಕರೆದರು. ಬೆಂಗಳೂರು ಸೀಮೆಯ ಕನ್ನಡ ಕಥೊಲಿಕರ ಬಾಯಲ್ಲಿ ಅದು ಚೌರಪ್ಪ ಆಯಿತು, ಇಗ್ನೇಶಿಯಸ್ ಇನ್ನಾಸಪ್ಪನಾದಂತೆ! ಪ್ಯಾರಿಸ್ಸಿನ ಕೋಣೆಯ ಗೆಳೆಯರಿಬ್ಬರೂ ನಮ್ಮ ಹಳ್ಳಿಗಳಲ್ಲಿ 'ಅಪ್ಪ' ಹಚ್ಚಿಕೊಂಡು ಮತ್ತೆ ನೆರೆಹೊರೆಯವರಾದರು. ತೆಲುಗಿನಲ್ಲಿ ಅವನು ಶೌರಿ, ಶೌರಯ್ಯ. ಸಂಸ್ಕೃತ ಬಲ್ಲವರು ಬೆರಗಾಗಬೇಕು: ಶೂರಸೇನನ ವಂಶದ ಕೃಷ್ಣನಿಗೂ ಶೌರಿ ಎಂದೇ ಹೆಸರು. ಬಾಸ್ಕ್ ಮನೆಯೊಂದು ನಡೆದು ನಡೆದು ಗೋಕುಲದ ಬಾಗಿಲಿಗೇ ಬಂದು ನಿಂತಿದೆ!

ಈಗ ಐರೋಲಿಯತ್ತ ನೋಡಿ. ಇದು ಮೊದಲು ಆಗ್ರಿ, ಕೋಳಿ ಜನರ ಊರು. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಖಾರಿಯ ಈ ದಡದಲ್ಲಿ ಹೊಸ ನಗರ ಕಟ್ಟಿತು, ನಗರದ ಹೆಸರಲ್ಲೇ 'ನವಿ', ಅಂದರೆ ಹೊಸದು, ಸೇರಿತು. 1999ರಲ್ಲಿ ಮುಲುಂಡ್ ಕಡೆಯ ಸೇತುವೆ ಆದ ಮೇಲೆ ದಾರಿ ಇನ್ನೂ ಸಲೀಸಾಯಿತು. ಉಡುಪಿಯಿಂದ, ಕಲಬುರಗಿಯಿಂದ, ವಿಜಯಪುರದಿಂದ ಮುಂಬಯಿಗೆ ಬಂದು, ಚಾಳಿನ ಕೋಣೆಯಲ್ಲಿ ಕಾಲ ಕಳೆದು, ಸಾಲ ಮಾಡಿ ಇಂಥ ಸೆಕ್ಟರುಗಳಲ್ಲಿ ಫ್ಲ್ಯಾಟು ಹಿಡಿದ ಕನ್ನಡಿಗರೆಲ್ಲ ಯಾರು ಹೇಳಿ? ಹೊಸಮನಿಯವರು! ಬಾಸ್ಕ್‌ಗೆ ತಿರುಗಿಸಿದರೆ ಝೇವಿಯರುಗಳು! ಮನೆಗಳೆಲ್ಲ ಹೊಸದಾಗಿರುವ ನಗರದ ಶಾಲೆಗೆ ಇದಕ್ಕಿಂತ ಒಪ್ಪುವ ಹೆಸರು ಹುಡುಕಿದರೂ ಸಿಗುತ್ತಿರಲಿಲ್ಲ.

ಬಳಗ ಇಲ್ಲಿಗೇ ಮುಗಿಯುವುದಿಲ್ಲ. ಮೆಕ್ಸಿಕೊದ ಅಧ್ಯಕ್ಷರಾಗಿದ್ದ ಲೂಯಿಸ್ ಎಚೆವೆರ್ರಿಯಾ ಇದೇ ಬಾಸ್ಕ್ ಹೆಸರಿನವರು. ಜರ್ಮನಿಯ ನಾಯ್‌ಹೌಸ್ ಅರ್ಥದಲ್ಲಿ ಸಗೋತ್ರಿ. ಹಾಗೆಯೇ 1725ರಲ್ಲಿ ವೆನಿಸ್ಸಿನಲ್ಲಿ ಹುಟ್ಟಿ, ಪ್ರಣಯ ಸಾಹಸಗಳಿಂದ ಲೋಕಪ್ರಸಿದ್ಧನಾದ ಒಬ್ಬ ರಸಿಕನಿದ್ದಾನೆ. 'ಕಾಸಾ' ಎಂದರೆ ಮನೆ, 'ನೋವಾ' ಎಂದರೆ ಹೊಸದು. ಹೌದು, ಕ್ಯಾಸನೋವಾನೂ ಹೊಸಮನಿಯವನೇ!