ಮದುವೆಯ ಹೂವಿಗೆ ಯಾರಿಗೆ ಹೇಳೋಣ?

ಮದುವೆ ಗೊತ್ತಾದ ಮನೆಯಲ್ಲಿ ಅಡುಗೆಯವರ ಬಗ್ಗೆ ಹತ್ತು ಕಡೆ ವಿಚಾರಿಸುತ್ತಾರೆ. ಛತ್ರವನ್ನು ಎರಡು ಸಲ ನೋಡಿ ಬರುತ್ತಾರೆ. ಹೂವಿನ ವಿಷಯಕ್ಕೆ ಬಂದರೆ ಮಾತ್ರ "ಯಾರಿಗಾದರೂ ಹೇಳಿದರಾಯಿತು" ಎನ್ನುತ್ತಾರೆ. ಅಕ್ಕಿ, ಬೇಳೆ ಉಳಿದರೆ ಮನೆಗೆ ಬರುತ್ತದೆ. ಹೂವು ಹಾಗಲ್ಲ. ಅದರ ಆಯುಸ್ಸು ಒಂದೇ ದಿನ. ಮುಹೂರ್ತ ಮೀರಿ ಬಂದ ಹಾರ ಯಾರಿಗೆ ಬೇಕು?

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಎಲ್ಲದಕ್ಕೂ ಮೊದಲು ಪಟ್ಟಿ ಬೇಕು. ವಧೂವರರ ಹಾರಗಳು, ಮೊಗ್ಗಿನ ಜಡೆ, ಮಂಟಪದ ಅಲಂಕಾರ, ಪೂಜೆಗೆ ಬಿಡಿ ಹೂವು, ಬಂದ ಹೆಣ್ಣುಮಕ್ಕಳಿಗೆ ಮುಡಿಯಲು ಹೂವು. ಐದೂ ಬೇರೆ ಬೇರೆ ಕೆಲಸ. ಚೆನ್ನಾಗಿ ಹಾರ ಕಟ್ಟುವವರಿಗೆ ಮಂಟಪ ಕಟ್ಟಲು ಬರಬೇಕೆಂದಿಲ್ಲ.

ಎರಡನೆಯದು ಕಾಲ. ಮಲ್ಲಿಗೆ ಬೇಸಿಗೆಯ ಹೂವು. ಚಳಿಗಾಲದಲ್ಲಿ ಮಲ್ಲಿಗೆಯೇ ಬೇಕೆಂದರೆ ಬೆಲೆ ಕೈ ಸುಡುತ್ತದೆ. ಆಗ ಕಾಕಡ, ಸೇವಂತಿಗೆ ಸಾಕು. ಆಷಾಢದಲ್ಲಿ ಮದುವೆಗಳಿಲ್ಲದೆ ಇಳಿದಿದ್ದ ಬೆಲೆ ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಏರಿಬಿಡುತ್ತದೆ. ಹಬ್ಬದ ಆಸುಪಾಸಿನ ಮದುವೆಯಾದರೆ ದರವನ್ನು ಮೊದಲೇ ಮಾತಾಡಿಕೊಳ್ಳಬೇಕು.

ಮೂರನೆಯದು ಅಳತೆ. ಮಕ್ಕಳೇ, ಇದು ನಿಮಗೆ. ನಮ್ಮ ಮೈಸೂರಿನ ಕಡೆ ಹೂವನ್ನು ಮೊಳ, ಮಾರಿನಲ್ಲಿ ಅಳೆಯುತ್ತಾರೆ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ, ಸುಮಾರು 18 ಅಂಗುಲ. ಎರಡೂ ಕೈ ಚಾಚಿದರೆ ಒಂದು ಮಾರು. ಉಡುಪಿಯ ಶಂಕರಪುರ ಮಲ್ಲಿಗೆಯ ಲೆಕ್ಕವೇ ಬೇರೆ. ಅಲ್ಲಿ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಹಾಗಾದರೆ ಒಂದು ಅಟ್ಟೆಯಲ್ಲಿ ಎಷ್ಟು ಹೂವು? ಬಾಳೆ ನಾರಿನಲ್ಲಿ ಅಷ್ಟನ್ನೂ ಕೈಯಲ್ಲೇ ಕಟ್ಟುತ್ತಾರೆ!

ನನ್ನ ಮೊಮ್ಮಗಳ ಮದುವೆಗೆ ಇಬ್ಬರು ಮುಂದೆ ಬಂದರು. ಅಲಂಕಾರದ ಗುತ್ತಿಗೆದಾರರೊಬ್ಬರು ಫೋಟೋಗಳನ್ನು ತೋರಿಸಿ, ಎಲ್ಲಕ್ಕೂ ಸೇರಿ ಒಂದೇ ಮೊತ್ತ ಹೇಳಿದರು. ಇನ್ನೊಬ್ಬರು ನಮ್ಮ ಬೀದಿಯ ತುದಿಯಲ್ಲಿ ಇಪ್ಪತ್ತು ವರ್ಷಗಳಿಂದ ಬುಟ್ಟಿ ಇಟ್ಟುಕೊಂಡು ಕೂರುವ ಹೂವಮ್ಮ. ಮಗನಿಗೆ ಅನುಮಾನ. "ಅಪ್ಪಾ, ಇಷ್ಟು ದೊಡ್ಡ ಕೆಲಸ ಅವರಿಂದ ಆಗುತ್ತದಾ?" ಎಂದ. ಮೊಮ್ಮಗಳು ಮಾತ್ರ "ತಾತ, ಸ್ಕೂಲಿಗೆ ಹೋಗುವಾಗಿನಿಂದ ಅವರೇ ಕಟ್ಟಿದ ಹೂವು ಮುಡಿದಿದ್ದೇನೆ. ಜಡೆ ಅವರೇ ಹೆಣೆಯಲಿ" ಎಂದು ಪಟ್ಟು ಹಿಡಿದಳು.

ನಾನು ಹೂವಮ್ಮನನ್ನೇ ಕೇಳಿದೆ. "ಮಂಟಪ ನನ್ನ ಕೈಲಾಗಲ್ಲ ಸ್ವಾಮಿ. ಹಾರ, ಜಡೆ, ಮುಡಿಯೋ ಹೂವು ನನಗೆ ಬಿಡಿ" ಎಂದರು. ಆಗದ್ದನ್ನು ಆಗದು ಎಂದ ಆ ಮಾತಿನಿಂದಲೇ ನನಗೆ ಧೈರ್ಯ ಬಂತು. ಮದುವೆಗೆ ಮುಂಚೆ ದೇವರ ಸಮಾರಾಧನೆಗೆ ನಾಲ್ಕು ಹಾರ ಹೇಳಿ ನೋಡಿದೆವು. ಹೇಳಿದ ಹೊತ್ತಿಗೆ ಬಂದವು. ಮಾರನೆಯ ಬೆಳಿಗ್ಗೆಯೂ ಒಂದು ಹೂವು ನಾರಿನಿಂದ ಜಾರಿರಲಿಲ್ಲ. ಮಂಟಪ ಗುತ್ತಿಗೆದಾರರಿಗೆ, ಉಳಿದದ್ದು ಹೂವಮ್ಮನಿಗೆ ಎಂದು ತೀರ್ಮಾನವಾಯಿತು.

ಮುಂಗಡದ ಮಾತು ಬಂದಾಗ ಒಂದು ಸಂಗತಿ ತಿಳಿಯಿತು. ದೇವರಾಜ ಮಾರುಕಟ್ಟೆಯಲ್ಲಿ ಅವರು ನಗದು ಕೊಟ್ಟೇ ಹೂವು ತರಬೇಕು. ನಾವು "ಮದುವೆ ಮುಗಿಯಲಿ, ಕೊಡೋಣ" ಎಂದರೆ ಅವರು ಬಡ್ಡಿಗೆ ಸಾಲ ತರಬೇಕಾಗುತ್ತದೆ. ಅರ್ಧ ಹಣವನ್ನು ಮೊದಲೇ ಕೊಟ್ಟೆವು. ಮದುವೆಯ ದಿನ ಬೆಳಕು ಹರಿಯುವ ಮೊದಲೇ ತಾಯಿ, ಮಗಳು ಬಾಳೆಲೆಯಲ್ಲಿ ಸುತ್ತಿ, ಮೇಲೆ ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಗಳೊಂದಿಗೆ ಛತ್ರದ ಬಾಗಿಲಲ್ಲಿದ್ದರು. ಜಡೆ ಹೆಣೆದಾದ ಮೇಲೆ ಇಬ್ಬರಿಗೂ ನಮ್ಮ ಸೊಸೆ ತಿಂಡಿ ಬಡಿಸಿದಳು.

ಹಿರಿಯರೇ, ನಿಮ್ಮ ಮನೆಯಲ್ಲಿ ಮದುವೆ ಇದ್ದರೆ ಇಷ್ಟು ಕೇಳಿ: ಹೂವು ಎಲ್ಲಿಂದ ತರುತ್ತೀರಿ? ಎಷ್ಟು ಗಂಟೆಗೆ ಬರುತ್ತೀರಿ? ಹೇಳಿದ ಹೂವು ಸಿಗದಿದ್ದರೆ ಬದಲಿಗೆ ಯಾವುದು? ಒಣಗಿದ ಹೂವನ್ನು ಯಾರು ಒಯ್ಯುತ್ತಾರೆ? ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ.

ಮಕ್ಕಳೇ, ಸ್ಕೇಲು ತಂದು ನಿಮ್ಮ ಮೊಳ, ಅಜ್ಜಿಯ ಮೊಳ ಎರಡನ್ನೂ ಅಳೆಯಿರಿ. ಯಾರ ಕೈಯಲ್ಲಿ ಹೂವು ಕೊಂಡರೆ ಲಾಭ ಎಂದು ನೀವೇ ಹೇಳಿ. ಅಟ್ಟೆಯ ಲೆಕ್ಕದ ಉತ್ತರ: 3,200.